ವಾಪಸ್ ಹೋದ ಮಂತ್ರಿ

ಬ್ಲೌಸ್ ಪೀಸ್ ಕತ್ತರಿಸುತ್ತಿದ್ದ ನಮ್ಮ ಯಜಮಾನರ ಕೈಯಿಂದ ಕತ್ತರಿ ಜಾರಿ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು. ಏನಾಯಿತೆಂದು ಕೇಳಿದರೆ ಬಾಯಿ ಒಂದು ಕಡೆ ವಾಲಿತು.

ಸ್ಟ್ರೋಕ್.

ಕೊಪ್ಪ ಬಸ್‌ಸ್ಟ್ಯಾಂಡ್ ಎದುರಿನ ನಮ್ಮ ಟೈಲರ್ ಅಂಗಡಿಯಿಂದ ಶಿವಮೊಗ್ಗದ ಆಸ್ಪತ್ರೆಗೆ. ಸ್ಕ್ಯಾನಿಂಗ್, ಐಸಿಯು. ಮನೆಗೆ ಕರೆತಂದಾಗ ನನ್ನ ಗಂಡ ಮಂಜಪ್ಪನವರಿಗೆ ಬಲಗೈ ಎತ್ತಲಾಗುತ್ತಿರಲಿಲ್ಲ, ಮಾತು ಹೊರಡುತ್ತಿರಲಿಲ್ಲ. "ಬುದ್ಧಿ ಸರಿ ಇದ್ಯಾ ಡಾಕ್ಟ್ರೇ?" ಎಂದು ಕೇಳಿದ್ದೆ. "ಈಗ್ಲೇ ಹೇಳಕ್ಕಾಗಲ್ಲಮ್ಮ" ಎಂದಿದ್ದರು. ನೋಡಲು ಬಂದವರು ಇವರೆದುರೇ "ಪಾಪ, ಏನೂ ಗೊತ್ತಾಗಲ್ಲ" ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ಹೋದ ಮೇಲೆ ನನಗೂ ಅದೇ ಭಯ.

ಇವರಿಗೊಂದು ಹುಚ್ಚಿತ್ತು. ಶೃಂಗೇರಿಯ ಲಾಡ್ಜ್ ಮ್ಯಾನೇಜರ್ ಅನಂತಯ್ಯನ ಜೊತೆ ಚೆಸ್. ಇಲ್ಲೊಂದು ಬೋರ್ಡು, ಅಲ್ಲೊಂದು ಬೋರ್ಡು. ನಡೆಗಳು ಚೀಟಿಯಲ್ಲಿ, ಚೀಟಿ ಬಸ್ ಕಂಡಕ್ಟರ್ ಕೈಯಲ್ಲಿ. ಅನಂತಯ್ಯ ಕಪ್ ಗೆದ್ದ ಆಟಗಾರ. ಇವರು ಒಮ್ಮೆಯೂ ಅವರನ್ನು ಸೋಲಿಸಿರಲಿಲ್ಲ, ಆಡುವುದನ್ನು ಬಿಟ್ಟಿರಲೂ ಇಲ್ಲ.

ಅರ್ಧಕ್ಕೆ ನಿಂತಿದ್ದ ಆಟದ ಬೋರ್ಡನ್ನು ಹಾಸಿಗೆ ಪಕ್ಕ ಇಟ್ಟೆ. ಕಂಡಕ್ಟರ್ ಚೀಟಿ ತಂದ. ಅದರಲ್ಲಿದ್ದಂತೆ ಅನಂತಯ್ಯನ ಮಂತ್ರಿಯನ್ನು ಸರಿಸಿದೆ. ನೋಡಿದರೆ ಅದು ನಮ್ಮ ಆನೆಯ ಬಾಯಿಗೇ ಬಂದು ನಿಂತಿದೆ! ಅಷ್ಟು ಚೆಸ್ ನನಗೂ ಗೊತ್ತು. "ಹೊಡೀರಿ" ಎಂದೆ.

ಇವರು ಬಹಳ ಹೊತ್ತು ನೋಡಿದರು. ಆಮೇಲೆ ಎಡಗೈ ಚಾಚಿ, ತಮ್ಮ ಆನೆಯನ್ನು ಬಿಟ್ಟು, ಅನಂತಯ್ಯನ ಮಂತ್ರಿಯನ್ನೇ ಎತ್ತಿದರು.

ಯಾವ ಕಾಯಿ ಯಾರದೆಂಬುದೂ ಮರೆತುಹೋಯಿತೇ?

ಮಂತ್ರಿಯನ್ನು ಅದು ಮೊದಲಿದ್ದ ಮನೆಯಲ್ಲೇ ತಂದಿಟ್ಟರು. ಚೀಟಿಯನ್ನು ನನ್ನತ್ತ ತಳ್ಳಿದರು. ಮುಖ ಕೆಂಪಾಗಿತ್ತು. "ವಾ... ಪಸ್" ಎಂದರು.

ಸ್ಟ್ರೋಕ್ ಆದಮೇಲಿನ ಮೊದಲ ಮಾತು.

ಬಿಟ್ಟಿ ಮಂತ್ರಿ ಇವರಿಗೆ ಬೇಡವಾಗಿತ್ತು. ನಾನೇ ಚೀಟಿಯ ಹಿಂದೆ "ಸರಿಯಾಗಿ ಆಡಬೇಕಂತೆ" ಎಂದು ಬರೆದು ಕಳಿಸಿದೆ. ಸಂಜೆ ಅನಂತಯ್ಯನ ಫೋನು ಬಂತು. "ತಪ್ಪಾಯ್ತಕ್ಕ. ಖುಷಿಯಾಗ್ಲಿ ಅಂತ ಬೇಕಂತ್ಲೇ ಕೊಟ್ಟಿದ್ದೆ. ಮಾರಾಯ ಹಿಡ್ದೇ ಬಿಟ್ಟ ನೋಡಿ!" ಅವರು ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ನಾನಂತೂ ಅಳುತ್ತಿದ್ದೆ.

ಆಮೇಲೆ ಅನಂತಯ್ಯ ದಾಕ್ಷಿಣ್ಯ ಬಿಟ್ಟು ಆಡಿದರು. ಇವರೂ ಸುಲಭಕ್ಕೆ ಬಗ್ಗಲಿಲ್ಲ. ಕಳೆದ ವಾರ ನಮ್ಮ ರಾಜ ಸಿಕ್ಕಿಬಿದ್ದ.

ಫಿಸಿಯೋಥೆರಪಿ ನಡೆಯುತ್ತಿದೆ. ಬಲಗೈ ಇನ್ನೂ ಕತ್ತರಿ ಹಿಡಿಯುವುದಿಲ್ಲ, ಮುಂದೆಯೂ ಹಿಡಿಯದೇ ಇರಬಹುದು. ಮಾತು ಒಂದೊಂದಾಗಿ ಬರುತ್ತಿದೆ. ಅಷ್ಟಕ್ಕೇ ದೇವರಿಗೆ ಕೈ ಮುಗಿಯುತ್ತೇನೆ.

ಕೊನೆಯ ಚೀಟಿ ಕೊಡಲು ಹೋದಾಗ ಕಂಡಕ್ಟರ್ ಫುಟ್‌ಬೋರ್ಡಿನಿಂದಲೇ ಕೇಳಿದ: "ಎಂತಾಯ್ತಕ್ಕ ಆಟ?"

"ಸೋತ್ರು ಮಾರಾಯ! ಪೂರ್ತಿ ಆಡಿ ಸೋತ್ರು!"

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿಯೇ ಹೇಳಿದೆ.