ಅಮೆರಿಕದ ತಾಲೀಮು: ಪೆರಂಬೂರಿನಿಂದ ಪಾಂಡಿಚೇರಿಗೆ

ಶನಿವಾರ ಬೆಳಿಗ್ಗೆ ಮನೆಯ ಮುಂದೆ ಆಟೋ ಬಂದು ನಿಂತಾಗ ಕೆಳಗೆ ಹೋಟೆಲಿನಲ್ಲಿ ಮೊದಲ ಇಡ್ಲಿಯ ಹಬೆ ಎದ್ದಿತ್ತು. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನ ಹತ್ತಿರದ ಆ ಹೋಟೆಲು ನಮ್ಮದೇ. ಕೆಳಗೆ ಹೋಟೆಲು, ಮೇಲೆ ಮನೆ. ಹೊರಡುವ ಗಳಿಗೆಯಲ್ಲಿ ನನ್ನ ಯಜಮಾನರು ಅಡುಗೆ ಮಾಸ್ಟರಿಗೆ ಸಾಂಬಾರಿನ ಹುಣಸೆಹುಳಿಯ ವಿಷಯ ಮತ್ತೊಮ್ಮೆ ವಿವರಿಸುತ್ತಿದ್ದರು. ಆ ಮಾಸ್ಟರು ನಮ್ಮಲ್ಲಿ ಸಾಂಬಾರು ಮಾಡುತ್ತಿರುವುದು ನಮ್ಮ ಮಗಳು ಹುಟ್ಟುವುದಕ್ಕೂ ಮುಂಚಿನಿಂದ.

“ರೀ, ಬರ್ತೀರೋ, ನಾನೊಬ್ಬಳೇ ಹೋಗ್ಲೋ?” ಎಂದು ಆಟೋದಿಂದಲೇ ಕೂಗಿದೆ.

ನಾವು ಹೊರಟಿದ್ದು ಅಮೆರಿಕಕ್ಕೆ. ಅಂದರೆ, ಅದರ ತಾಲೀಮಿಗೆ. ಹೋಟೆಲಿನ ಚರಂಡಿ ಪೈಪು ಕುಸಿದು, ನೆಲವನ್ನೆಲ್ಲ ಅಗೆದು ಹೊಸದಾಗಿ ಹಾಕಬೇಕಾಗಿ ಬಂದಿತ್ತು. ಇನ್ನು ಎರಡು ತಿಂಗಳಿಗೆ ಕೆಲಸ ಶುರು, ಅದು ಮುಗಿಯುವ ತನಕ ಹೋಟೆಲು ಬಂದ್. ಹಬ್ಬಕ್ಕೂ ಮುಚ್ಚದ ಹೋಟೆಲು ಚರಂಡಿಯ ದಯೆಯಿಂದ ಮುಚ್ಚುತ್ತದೆಂದು ತಿಳಿದ ದಿನವೇ ನಾನು ಹೇಳಿಬಿಟ್ಟೆ, “ಅಮೆರಿಕಾ ನೋಡೋಣ. ಟೂರಿನ ಬಸ್ಸು ಬೇಡ, ನಮ್ಮದೇ ಬಾಡಿಗೆ ಕಾರು. ನಾವಿಬ್ಬರೇ.”

ವಿಮಾ ಕಚೇರಿಯಿಂದ ನಿವೃತ್ತಳಾದ ಹೊಸದರಲ್ಲಿ ಕೈಗೆ ಕೆಲಸವಿರಲಿಲ್ಲ. ಇಡೀ ಯೋಜನೆಯನ್ನು ನಾನೇ ಹೊತ್ತೆ. ಲಾಸ್ ಏಂಜಲೀಸ್‌ನಲ್ಲಿ ಇಳಿದು ಕಾರು ತೆಗೆದುಕೊಳ್ಳುವುದು, ಲಾಸ್ ವೇಗಸ್, ಗ್ರ್ಯಾಂಡ್ ಕ್ಯಾನಿಯನ್, ಫೀನಿಕ್ಸ್ ಸುತ್ತಿ ಮತ್ತೆ ಅಲ್ಲಿಗೇ ಮರಳುವುದು. ಕಾರು ಆಟೋಮ್ಯಾಟಿಕ್ ಇರಬೇಕು, ಎಷ್ಟು ಮೈಲಿ ಓಡಿಸಿದರೂ ಹೆಚ್ಚಿಗೆ ಕೇಳಬಾರದು. ರೂಮು ನೆಲಮಹಡಿಯಲ್ಲಿರಬೇಕು, ಬಾಗಿಲ ಮುಂದೆಯೇ ಕಾರು ನಿಲ್ಲಿಸುವಂತಿರಬೇಕು, ಅನ್ನಕ್ಕಿಡಲು ಒಂದು ಸಣ್ಣ ಒಲೆ ಬೇಕು. ಮಂಚದ ಪಕ್ಕ ಕಿಟಕಿಯಿದೆಯೇ ಎಂದು ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ವೀಸಾ ಬಂತು, ಇವರಿಗೆ ಹೊರದೇಶದಲ್ಲಿ ಓಡಿಸುವ ಪರ್ಮಿಟ್ಟೂ ಬಂತು. ಉಳಿದದ್ದು ವಿಮಾನದ ಟಿಕೆಟ್ಟು ಮಾತ್ರ. ಅದನ್ನು ಸೋಮವಾರ ತೆಗೆಯುವುದೆಂದು ನಿಶ್ಚಯವಾಗಿತ್ತು.

ನಾನು ಮೈಸೂರು ಕಡೆಯವಳು. ಅಪ್ಪ ರೈಲ್ವೆ ಕೋಚ್ ಫ್ಯಾಕ್ಟರಿಯ ಕೆಲಸಕ್ಕೆಂದು ಈ ತಮಿಳು ಊರಿಗೆ ಬಂದವರು. ಇವರದು ಕುಂದಾಪುರದ ಕಡೆಯ ಹೋಟೆಲು ಮನೆತನ. ಇಷ್ಟು ವರ್ಷದ ಸಂಸಾರದಲ್ಲಿ ನಾವು ತಿರುಗಾಡಿಲ್ಲವೆಂದಲ್ಲ. ಮಧುರೆ, ಕೊಯಮತ್ತೂರು, ತಿರುಚ್ಚಿ ಎಲ್ಲ ನೋಡಿದ್ದೇವೆ. ಆದರೆ ಪ್ರತಿ ಊರಿನಲ್ಲೂ ಇವರ ಕಡೆಯವರದೊಂದು ಹೋಟೆಲು ಇರುತ್ತದೆ, ಅದರ ಮಹಡಿಯ ಮೇಲೊಂದು ಮನೆ. ‘ನಮ್ಮವರು’ ಇರುವ ಊರಿನಲ್ಲಿ ಲಾಡ್ಜಿಗೆ ಹೋದರೆ ಅವರ ಮುಖಕ್ಕೆ ಹೊಡೆದಂತೆ ಎಂಬುದು ಇವರ ಕಡೆಯ ಕಟ್ಟಳೆ. ಹೀಗಾಗಿ ಮಧುರೆಯಲ್ಲಿ ನಾನು ಕಂಡದ್ದು ಅಡುಗೆಮನೆ, ಕೊಯಮತ್ತೂರಿನಲ್ಲಿ ಕಂಡದ್ದೂ ಅಡುಗೆಮನೆ. ಇವರು ಗಲ್ಲಾದ ಪಕ್ಕ ಕುರ್ಚಿ ಎಳೆದುಕೊಂಡು ತೆಂಗಿನಕಾಯಿ ರೇಟು ಮಾತಾಡುತ್ತಾರೆ, ನಾನು ಒಳಗೆ ಕುಳಿತು ಹುರುಳಿಕಾಯಿ ಮುರಿಯುತ್ತೇನೆ. ನನಗೆ ಇವರೊಬ್ಬರೇ ಬೇಕಾಗಿತ್ತು, ನಾಲ್ಕು ದಿನಕ್ಕಾದರೂ. ಈ ವಯಸ್ಸಿನಲ್ಲಿ ಹೀಗೆ ಬರೆಯಲು ನನಗೇನೂ ನಾಚಿಕೆಯಿಲ್ಲ.

ತಾಲೀಮಿನ ಉಪಾಯ ನಮ್ಮ ಮಗಳು ಮೇಘಾಳದು. ಪೆರುಂಗುಡಿಯ ಆಫೀಸಿನಲ್ಲಿ ಕೆಲಸ ಮಾಡುವ ಅವಳಿಗೆ ನಮ್ಮಿಬ್ಬರ ಕನ್ನಡವೂ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. “ಅಪ್ಪಾ, ಮೊದಲ್ಲ ಹೋಟೆಲ್ ಇಲ್ಲಾಮ ರೆಂಡು ನಾಳ್ ಇರುಂದು ಕಾಟ್ಟುಂಗ. ಅಪ್ಪುರಂ ಅಮೆರಿಕಾ!” ಎಂದು ಸವಾಲು ಹಾಕಿದಳು. ಎರಡು ದಿನ ಹೋಟೆಲಿಲ್ಲದೆ ಇದ್ದು ತೋರಿಸಬೇಕು, ಆಮೇಲೆ ಅಮೆರಿಕ. ಬಾಡಿಗೆಯ ಆಟೋಮ್ಯಾಟಿಕ್ ಕಾರು, ಇಂಟರ್ನೆಟ್ಟಿನಲ್ಲಿ ಹಿಡಿದ ರೂಮು, ಪಾಂಡಿಚೇರಿಗೆ ಹೋಗಿ ಬರುವುದು. ನಾನು ಅದಕ್ಕೆ ನನ್ನದೊಂದು ಷರತ್ತು ಸೇರಿಸಿದೆ: ಇದರಲ್ಲಿ ಇವರು ಸೋತರೆ ಸೋಮವಾರ ಟಿಕೆಟ್ಟಿಲ್ಲ, ಅಮೆರಿಕವೂ ಇಲ್ಲ.

ಪೆರುಂಗುಡಿಯ ಕಾರು ಯಾರ್ಡಿನಲ್ಲಿದ್ದ ಹೆಂಗಸು ಕಾರಿನ ಸುತ್ತ ನಿಧಾನವಾಗಿ ನಡೆದು, ಒಂದೊಂದು ಗೀರನ್ನೂ ನಮ್ಮ ಮುಂದೆಯೇ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡಳು. ಅಮೆರಿಕದಲ್ಲೂ ನಾವೇ ಹೀಗೆ ಮಾಡಿಟ್ಟುಕೊಳ್ಳಬೇಕೆಂದು ಓದಿದ್ದೆ, ನಾನೂ ಮಾಡಿಕೊಂಡೆ. ಇವರು ಸ್ಟೀರಿಂಗ್ ಹಿಡಿದರು. ಇಲ್ಲದ ಕ್ಲಚ್ಚನ್ನು ಹುಡುಕಿದ ಎಡಗಾಲು ಬ್ರೇಕನ್ನು ಒತ್ತಿತು, ನನ್ನ ಹಣೆ ಡ್ಯಾಶ್‌ಬೋರ್ಡಿನ ತನಕ ಹೋಗಿ ಬಂತು.

“ಈ ಕಾರೇ ಸಮ ಇಲ್ಲೆ ಮಾರಾಯ್ತಿ,” ಎಂದರು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದೆ.

ಕಡೆಗೆ ಎಡಗಾಲಿನ ಚಪ್ಪಲಿ ಬಿಚ್ಚಿ, ಪಂಕ್ತಿಯಲ್ಲಿ ಊಟಕ್ಕೆ ಕುಳಿತವರಂತೆ ಆ ಕಾಲನ್ನು ಮಡಚಿ ತೊಡೆಯ ಕೆಳಗೆ ಸೇರಿಸಿಕೊಂಡರು. ಅಲ್ಲಿಂದ ಮುಂದೆ ಕಾರು ಬೆಣ್ಣೆಯಂತೆ ಓಡಿತು. ಇವರ ಫೋನು ನನ್ನ ಬ್ಯಾಗಿನಲ್ಲಿತ್ತು, ಅದೂ ಷರತ್ತಿನ ಒಂದು ಭಾಗ.

ಪಾಂಡಿಚೇರಿಗೆ ಸುಮಾರು ನೂರೈವತ್ತು ಕಿಲೋಮೀಟರು. ಟೋಲ್ ದಾಟಿ, ಮಹಾಬಲಿಪುರದ ಆಚೆ ಗುರುತು ಪರಿಚಯವಿಲ್ಲದ ಒಂದು ಹೋಟೆಲಿನಲ್ಲಿ ತಿಂಡಿಗೆ ನಿಂತೆವು. ನಾನು ಕೈತೊಳೆದು ಬರುವಷ್ಟರಲ್ಲಿ ಇವರು ಮೇಜಿನಲ್ಲಿ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಒಳಗೆ ದೋಸೆ ಹಂಚಿನ ಪಕ್ಕ ನಿಂತು ಅಲ್ಲಿನ ಮಾಸ್ಟರನ ಹತ್ತಿರ ಹಿಟ್ಟಿಗೆ ಮೆಂತ್ಯ ಎಷ್ಟು ಹಾಕುತ್ತೀರೆಂದು ವಿಚಾರಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ಇವರು ತಪ್ಪಿತಸ್ಥರಂತೆ ಹಿಂತಿರುಗಿ ಬಂದು, ಪೊಂಗಲನ್ನು ತಿಂದು, ಎದ್ದರು. ನನಗಾಗಿ ತಮ್ಮ ವಡೆಯ ಅರ್ಧ ಮುರಿದಿಟ್ಟಿದ್ದರು.

ಆಮೇಲಿನ ದಾರಿ ಸೊಗಸಾಗಿತ್ತು. ಮರಕ್ಕಾಣಂ ಹತ್ತಿರ ಎರಡೂ ಕಡೆ ಉಪ್ಪಿನ ಗದ್ದೆಗಳು, ನಡುವೆ ಬಿಳಿಯ ರಾಶಿಗಳು. ಬಿಸಿಲು ಕಣ್ಣು ಬಿಡಲಾಗದಷ್ಟಿತ್ತು. ಇವರು ಯಾವುದೋ ಹಳೆಯ ಹಾಡಿನ ಧಾಟಿಯನ್ನು ಗುನುಗತೊಡಗಿದರು. ಇವರಿಗೆ ಹಾಡಲು ಬರುತ್ತದೆಂದು ಮದುವೆಯ ಹೊಸದರಲ್ಲಿ ತಿಳಿದಿದ್ದೆ, ನಡುವೆ ಮರೆತೇಹೋಗಿತ್ತು. ಟಿಕೆಟ್ಟು ಖಾತ್ರಿ ಎಂದುಕೊಂಡೆ.

ಪಾಂಡಿಚೇರಿಯಲ್ಲಿ ನಾನು ಹಿಡಿದಿದ್ದ ಲಾಡ್ಜು ಸಣ್ಣದು, ಬಾಗಿಲಲ್ಲಿ ಬೋಗನ್‌ವಿಲ್ಲಾ. ಕೌಂಟರಿನವರು ಕಂಪ್ಯೂಟರಿನಲ್ಲಿ ಹುಡುಕಿ, “ಮೇಡಂ, ನಿಮ್ಮ ಬುಕಿಂಗ್ ಗುರುವಾರವೇ ಕ್ಯಾನ್ಸಲ್ ಆಗಿದೆ. ರೂಮು ಬೇರೆಯವರಿಗೆ ಕೊಟ್ಟೆವು,” ಎಂದರು. ನಾನು ವಾದಿಸಲು ಬಾಯಿ ತೆರೆದವಳು ಇವರ ಮುಖ ನೋಡಿ ನಿಲ್ಲಿಸಿದೆ.

“ಗೋಪಾಲಮಾವನಿಗೆ ಸುಮ್ನೆ ಒಂದ್ ಫೋನ್ ಮಾಡಿದ್ದೆ,” ಎಂದರು ಮೆಲ್ಲಗೆ. “ಪಾಂಡಿಗ್ ಬಂದ್ ಲಾಡ್ಜಗೆ ಉಳಿತ್ರ್ಯಾ ಅಂತ ಬೇಜಾರ್ ಮಾಡ್ಕಂಡ್ರ್. ಎಂತ ಮಾಡುದ್?”

ದೂರದ ಸಂಬಂಧದ ಆ ಸೋದರಮಾವನ ಹೋಟೆಲು ಎರಡು ಬೀದಿ ಆಚೆಗಿತ್ತು. ಬುಕಿಂಗಿನ ಪಾಸ್‌ವರ್ಡು ಇವರಿಗೂ ಗೊತ್ತು. ಒಂದು ಅನುಮಾನ ಹುಟ್ಟಿ ಕೇಳಿದೆ, “ಅಮೆರಿಕದ್ದು?”

ಇವರು ಕಾರಿನ ಬೀಗದ ಕೈಯನ್ನು ತಿರುಗಿಸುತ್ತ ನಿಂತರು. ನಾನು ಫೋನು ತೆರೆದು ನೋಡಿದೆ. ಫೀನಿಕ್ಸ್‌ನಲ್ಲಿ ಇವರ ಸೋದರಸೊಸೆ ಸುಮಾ ಇದ್ದಾಳೆ, ಅಲ್ಲಿನ ರೂಮು ಇಲ್ಲ. ಲಾಸ್ ವೇಗಸ್‌ನಲ್ಲಿ ಅವಳ ಗಂಡನ ತಮ್ಮ, ಆ ರೂಮೂ ಇಲ್ಲ. ಗ್ರ್ಯಾಂಡ್ ಕ್ಯಾನಿಯನ್ನಿನ ರೂಮೊಂದೇ ಉಳಿದಿತ್ತು. ಅಲ್ಲಿ ಕಣಿವೆ ಇದೆ, ನೆಂಟರಿಲ್ಲ.

ಬೀದಿಯಲ್ಲಿ ನಿಂತು ಜಗಳವಾಡುವ ಹೆಂಗಸಲ್ಲ ನಾನು. ಕಾರಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡು ಹೇಳಿದೆ, “ಸೋಮವಾರ ಟಿಕೆಟ್ ಬೇಡ. ಫೀನಿಕ್ಸಿಗೆ ಹೋಗಿ ಹುರುಳಿಕಾಯಿ ಮುರಿಯೋಕೆ ನನಗೆ ವಿಮಾನ ಬೇಕಾಗಿಲ್ಲ.” ಇವರು ಗೋಪಾಲಮಾವನ ಬೀದಿಯ ಕಡೆ ಕಾರು ತಿರುಗಿಸಿದರು. ನನಗೆ ಅಳು ಬಂತು. ಸಿಟ್ಟಿಗಿಂತ ಅಳುವೇ ಹೆಚ್ಚಾಗಿತ್ತು.

ಗೋಪಾಲಮಾವನ ಮನೆಯಲ್ಲಿ ಪ್ರೀತಿಗೇನೂ ಕೊರತೆಯಿಲ್ಲ, ಅದನ್ನು ಹೇಳಲೇಬೇಕು. ಹೋದ ಕೂಡಲೇ ಬೆಲ್ಲ, ನೀರು. ಊಟಕ್ಕೆ ಕುಚ್ಚಲಕ್ಕಿ ಅನ್ನ, ಹಲಸಿನಕಾಯಿ ಹುಳಿ, ನಮಗೆಂದೇ ಮಾಡಿಸಿದ ಹಯಗ್ರೀವ. ಸಂಜೆಯ ಗಿರಾಕಿಗಳು ಬರುತ್ತಲೇ ಮಾವನ ಪಕ್ಕದ ಕುರ್ಚಿಯಲ್ಲಿ ಇವರು ಪ್ರತಿಷ್ಠಾಪನೆಯಾದರು. ನಾನು ಮೇಲೆ ಮಾವನ ಹೆಂಡತಿ ರುಕ್ಮಿಣಿ ಅತ್ತೆಯ ಎದುರು ಕುಳಿತೆ, ನಡುವೆ ಹುರುಳಿಕಾಯಿಯ ಮೊರ.

“ಎಂತ ಹೆಣೆ, ಮುಖ ಬಾಡಿತ್ತ್?” ಎಂದು ಅತ್ತೆ ಕೇಳಿದರು.

ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅತ್ತೆಗೆ ನೋವಾಗಬಹುದೆಂಬ ಅಳುಕಿತ್ತು, ಆದರೂ ತಡೆಯಲಾಗಲಿಲ್ಲ. ಅವರು ಕೆಲಸ ನಿಲ್ಲಿಸಲಿಲ್ಲ. ಕಾಯಿ ಮುರಿಯುತ್ತಲೇ ಹೇಳಿದರು, “ನಾನ್ ಮದಿ ಆಯಿ ಈ ಊರಿಗ್ ಬಂದವಳ್. ಸಮುದ್ರ ಇಲ್ಲೇ, ನಡ್ಕಂಡ್ ಹೋಪಷ್ಟ್ ಹತ್ರ ಇತ್ತ್. ನಿನ್ ಮಾವನ್ ಒಟ್ಟಿಗೆ ಒಂದ್ ದಿನ ಹೋಯಿಲ್ಲೆ. ಬಂದವ್ರಿಗೆ ಬಡ್ಸುದ್, ಹೋಪವ್ರಿಗೆ ಕಟ್ಟಿ ಕೊಡುದ್, ಅದ್ರಗೇ ಕಾಲ ಹೋಯ್ತ್.” ಅಷ್ಟೇ. ಆಮೇಲೆ ತೆಂಗಿನಕಾಯಿ ತುರಿಯಲು ಎದ್ದರು.

ಭಾನುವಾರ ಬೆಳಿಗ್ಗೆ ತಿಂಡಿಗೆ ಎಲ್ಲರೂ ಮಹಡಿಯಲ್ಲಿ ಸೇರಿದೆವು. ಅತ್ತೆ ಬಾಳೆಲೆ ಹಾಕುತ್ತ ಬಂದರು. ಮಾವನಿಗೆ, ಅವರ ಮಗನಿಗೆ, ಸೊಸೆಗೆ, ತಮಗೆ. ನಮ್ಮ ಮುಂದಿನ ನೆಲ ಖಾಲಿ. ಇವರು ಮರೆತಿರಬೇಕೆಂದು ತಾವೇ ಎಲೆಗೆ ಕೈಚಾಚಿದರು. ಅತ್ತೆ ಎಲೆಯ ಕಟ್ಟನ್ನು ಹಿಂದಕ್ಕೆ ಎಳೆದುಕೊಂಡರು.

“ನಿಮ್ಗ್ ಇವತ್ತ್ ಇಲ್ಲ್ ಎಲಿ ಇಲ್ಲೆ ರಾಘು,” ಎಂದರು ಇವರಿಗೆ.

ಬಂದವರನ್ನು ಎಲೆ ಹಾಕದೆ ಕಳಿಸುವುದೆಂದರೆ ಆ ಮನೆತನದಲ್ಲಿ ಶತ್ರುವಿಗೂ ಮಾಡದ ಕೆಲಸ. ಮಾವ, “ನಿನ್ ಮಂಡೆ ಸಮ ಇತ್ತಾ?” ಎಂದು ಗದರಿದರು. ಅತ್ತೆ ಅವರ ಕಡೆ ನೋಡಲೂ ಇಲ್ಲ.

“ಹೆಂಡ್ತಿನ್ ಕರ್ಕಂಡ್ ಹೋಯ್. ನಮ್ಮವ್ರ್ ಯಾರೂ ಇಲ್ಲದ್ ಕಡೆ ಕೂಕಂಡ್ ಇಬ್ರೇ ತಿನ್ನಿ. ಅಮೆರಿಕಕ್ಕೂ ಹಂಗೇ ಹೋಯ್. ಅಲ್ಲಿವರೆಗೆ ಈ ಮನಿಯಗ್ ನಿಮ್ಗ್ ಎಲಿ ಹಾಕುದಿಲ್ಲೆ.” ನಾನು ಕಾಲಿಗೆರಗಿದಾಗ ತಲೆಯ ಮೇಲೆ ಕೈಯಿಟ್ಟು, ಬೇಗ ತೆಗೆದುಕೊಂಡರು.

ಖಾಲಿ ಹೊಟ್ಟೆಯಲ್ಲಿ ಊರು ಬಿಟ್ಟೆವು. ಊರಿನ ಆಚೆ, ತಾಳೆಗರಿಯ ಚಪ್ಪರದ ಕೆಳಗೆ ಹೆಂಗಸೊಬ್ಬಳು ಅಕ್ಕಿ ಹಿಟ್ಟಿನ ಆಪ್ಪಂ ಹಾಕುತ್ತಿದ್ದಳು. ಇವರು ಕಾರು ನಿಲ್ಲಿಸಿದರು. ಬೆಂಚಿನ ಮೇಲೆ ನನ್ನ ಪಕ್ಕ ಕುಳಿತು, ಕೊಟ್ಟದ್ದನ್ನು ತಿಂದರು. ಹಿಟ್ಟಿನ ವಿಚಾರ ಕೇಳಲಿಲ್ಲ, ಒಲೆಯ ಕಡೆ ಹೋಗಲಿಲ್ಲ. ತೆಂಗಿನಹಾಲಿಗೆ ಸಕ್ಕರೆ ಜಾಸ್ತಿಯಾಗಿತ್ತು, ಅದನ್ನೂ ಹೇಳಲಿಲ್ಲ.

ಮತ್ತೆ ಮರಕ್ಕಾಣಂ ದಾಟಿದ ಮೇಲೆ ಒಂದು ಬೇವಿನ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, “ನನ್ ಫೋನ್ ಕೊಡ್,” ಎಂದರು. ಹೋಟೆಲಿಗೆ ಮಾಡುತ್ತಾರೆಂದೇ ತಿಳಿದು ಕೊಟ್ಟೆ. ಫೀನಿಕ್ಸಿಗೆ ಮಾಡಿದರು. ಅಲ್ಲಿ ಆಗಿನ್ನೂ ಶನಿವಾರದ ರಾತ್ರಿ ಊಟದ ಹೊತ್ತು.

“ಸುಮಾ, ಬೇಜಾರ್ ಮಾಡ್ಕಂಬ್ಯಾಡ. ನಿಮ್ಮನಿಗೆ ಒಂದ್ ಹೊತ್ತ್ ಉಂಬುಕೆ ಬತ್ತ್. ಇಪ್ಪುದ್ ಮಾತ್ರ ಲಾಡ್ಜಗೆ.”

ಆಚೆ ಕಡೆಯಿಂದ ಅವಳ ದನಿ ನನಗೂ ಕೇಳಿಸಿತು, “ಎಂತಕೆ ಮಾವ? ನಮ್ಮಿಂದ ಎಂತ ತಪ್ಪಾಯ್ತ್?”

“ತಪ್ಪ್ ಎಂತದೂ ಇಲ್ಲೆ.” ಇವರು ಎದುರಿನ ರಸ್ತೆಯನ್ನೇ ನೋಡುತ್ತಿದ್ದರು. ಹೀಗೆ ಒಬ್ಬ ನೆಂಟರಿಗೆ ಉಳಿಯಲು ಬರುವುದಿಲ್ಲವೆಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಣೆಯ ಮೇಲೆಲ್ಲ ಬೆವರು. “ನಿನ್ನತ್ತೆಗೆ ನನ್ನೊಟ್ಟಿಗೆ ಇಬ್ರೇ ಇರ್ಕ್ ಅಂತ ಇತ್ತ್.” ಮಾತು ಅಲ್ಲಿಗೆ ಮುಗಿಯಿತೆಂದು ನಾನು ಅಂದುಕೊಂಡೆ. ಇವರು ಮುಂದುವರಿಸಿದರು. “ನಂಗೂ ಹಂಗೇ ಇತ್ತ್ ಸುಮಾ.”

ನಾನು ಕಿಟಕಿಯ ಕಡೆ ತಿರುಗಿದೆ. ಸುಮಾ ಮುಂದೆ ಏನೆಂದಳೋ ನನಗೆ ಕೇಳಿಸಲಿಲ್ಲ. ಫೋನು ಇಟ್ಟ ಮೇಲೆ ಇವರು ಕನ್ನಡಕ ಹಾಕಿಕೊಂಡು ನನ್ನ ಭುಜದ ಹತ್ತಿರ ಬಾಗಿದರು. ನಾನು ರೂಮುಗಳನ್ನು ಒಂದೊಂದಾಗಿ ಮತ್ತೆ ಹಿಡಿದೆ. ಫೀನಿಕ್ಸ್‌ನಲ್ಲಿ ಮೊದಲಿನದು ಸಿಗಲಿಲ್ಲ, ಬೇರೊಂದು ಸಿಕ್ಕಿತು. ಅದರ ಮಂಚದ ಪಕ್ಕ ಕಿಟಕಿಯಿದೆಯೇ ಎಂದು ಈ ಸಲ ಇವರು ಕೇಳಿದರು.

ಟಿಕೆಟ್ಟು ಸೋಮವಾರವೇ ತೆಗೆದೆವು. ಅಮೆರಿಕಕ್ಕೆ ಇನ್ನೂ ಎರಡು ತಿಂಗಳಿದೆ. ಅಲ್ಲಿನ ಕಣಿವೆ ಹೇಗಿದೆಯೋ, ರಸ್ತೆ ಹೇಗಿದೆಯೋ, ನೋಡಿದ ಮೇಲೆ ಹೇಳಬೇಕು. ಮದುವೆಯಾದ ಮೇಲೆ ನಾವಿಬ್ಬರೇ ಮೊದಲು ಹೋದ ಊರು ಯಾವುದೆಂದು ಯಾರಾದರೂ ಕೇಳಿದರೆ ಮಾತ್ರ ನಾನು ಅಮೆರಿಕಕ್ಕಾಗಿ ಕಾಯುವುದಿಲ್ಲ. ಆ ಭಾನುವಾರ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಕುಳಿತಿದ್ದ ಜಾಗಕ್ಕೆ ಹೆಸರಿಲ್ಲ, ಆದರೆ ಆ ಊರು ಅದೇ.