ಕಿಟಕಿಯಾಚೆಯ ನದಿ

ಕೋವಿಡ್ಡಿನ ಎರಡನೇ ವರ್ಷ ಅತ್ತೆ ಮೂರು ತಿಂಗಳ ಮಟ್ಟಿಗೆ ಡಬ್ಲಿನ್ ಪಕ್ಕದ ಸ್ವೋರ್ಡ್ಸ್‌ನ ನಮ್ಮ ಮನೆಗೆ ಬಂದರು. ಬಂದವರಿಗೆ ಐರ್ಲೆಂಡಿಗಿಂತ ಪಕ್ಕದ ಇಂಗ್ಲೆಂಡಿನ ಮೇಲೇ ಕಣ್ಣು. ಮೈಸೂರಿನ ಹುಡುಗಿಯರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಪಠ್ಯದಲ್ಲಿದ್ದ ಕಾದಂಬರಿಗಾರ್ತಿಯೊಬ್ಬಳ ಮನೆ ನೋಡಲೇಬೇಕು ಅಂತ ಹಟ ಹಿಡಿದರು.

"ಫೋಟೋ ಇದೆಯಲ್ಲ ಅತ್ತೆ, ನೋಡೋದೇನು?" ಅಂದೆ.

"ಫೋಟೋದಲ್ಲಿ ಅವಳು ಬರೀತಿದ್ದ ಮೇಜಿದೆ. ಕಿಟಕಿಯಾಚೆ ಏನಿದೆ ಅಂತ ಯಾರೂ ತೆಗೆದಿಲ್ಲ," ಅಂದರು. ಆಮೇಲೆ ನಿಜ ಬಾಯಿಬಿಟ್ಟರು. ಆಕೆ ಕೂತು ಬರೆಯುತ್ತಿದ್ದ ಕಿಟಕಿಯಿಂದ ನದಿ ಕಾಣುತ್ತಿತ್ತು ಅಂತ ಪ್ರತಿ ವರ್ಷ ಕ್ಲಾಸಿನಲ್ಲಿ ವರ್ಣಿಸುತ್ತಿದ್ದರಂತೆ. ಎಲ್ಲೂ ಓದಿದ್ದಲ್ಲ. ಒಂದು ಸಲ ಹಾಗೇ ಬಾಯಿಗೆ ಬಂತು, ಹುಡುಗಿಯರು ಕಣ್ಣರಳಿಸಿದರು, ಅದೇ ಪಾಠವಾಗಿ ಉಳಿಯಿತು. "ಮೂವತ್ತು ವರ್ಷ ಸುಳ್ಳು ಹೇಳಿದೀನೋ ಏನೋ. ಗೊತ್ತಾಗ್ಬೇಕು ಕಣೇ."

ಅಲ್ಲಿಂದ ನನ್ನ ತಲೆಗೂ ಆ ಹುಳ ಹೊಕ್ಕಿತು. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲ. ಮಹಡಿ ಮೆಟ್ಟಿಲ ಕೆಳಗೆ ಗೋಡೆಗೆ ಮುಖ ಮಾಡಿದ ಪುಟ್ಟ ಮೇಜೇ ನನ್ನ ಆಫೀಸು. ಮೀಟಿಂಗ್ ಮುಗಿದ ಕೂಡಲೇ ಇಬ್ಬರೂ ಲ್ಯಾಪ್‌ಟಾಪಿನಲ್ಲಿ ಕಾದಂಬರಿಗಾರ್ತಿಯ ಊರಿನ ಮ್ಯಾಪ್ ತೆರೆಯುತ್ತಿದ್ದೆವು. ನದಿಯ ನೀಲಿ ಗೆರೆಯೊಂದು ಆಕೆಯ ಮನೆಯ ಹತ್ತಿರವೇ ಹಾದುಹೋಗಿತ್ತು. ಅತ್ತೆ ಪರದೆಯ ಮೇಲೆ ಸ್ಕೇಲ್ ಇಟ್ಟು ಅಳೆದರು. ನಡುವೆ ಬರೀ ಮರಗಳು. ಕಾಣುತ್ತೋ ಇಲ್ಲವೋ, ದಿನಾ ಅದೇ ವಾದ.

ಪ್ಲಾನ್ ಮಾಡುವುದರಲ್ಲಿ ನನ್ನ ಬಿಟ್ಟರಿಲ್ಲ ಅಂದುಕೊಂಡಿದ್ದೆ. ಹಡಗು, ರೈಲು, ಲಸಿಕೆಯ ಸರ್ಟಿಫಿಕೇಟು, ಮಾಸ್ಕು, ಎಲ್ಲವೂ ಎಕ್ಸೆಲ್ ಶೀಟಿನಲ್ಲಿತ್ತು. ಹೊರಡಲು ವಾರವಿದ್ದಾಗ ನೋಡಿದರೆ ದೀಪದ ಕೆಳಗೇ ಕತ್ತಲು! ಅತ್ತೆಯ ವೀಸಾದ ಮೇಲೆ ಬ್ರಿಟನ್ನಿಗೂ ಸಲ್ಲುವ ಗುರುತಿತ್ತು. ಆರು ವರ್ಷ ಇಲ್ಲೇ ದುಡಿದ ನನಗೂ ನನ್ನ ಗಂಡನಿಗೂ ಐರ್ಲೆಂಡಿನ ರೆಸಿಡೆನ್ಸ್ ಕಾರ್ಡ್ ಸಾಲದು, ಬ್ರಿಟನ್ನಿಗೆ ಬೇರೆ ವೀಸಾ ಬೇಕು. ಅದು ಸಿಗುವಷ್ಟರಲ್ಲಿ ಅತ್ತೆ ಮೈಸೂರಿನಲ್ಲಿರುತ್ತಾರೆ. ಒಬ್ಬರೇ ಬಸ್ ಹತ್ತಿ ಡಬ್ಲಿನ್ನಿಗೂ ಹೋಗದವರು ಅವರು.

"ಬಿಡಿ ಅತ್ತೆ, ಕ್ಯಾನ್ಸಲ್ ಮಾಡ್ತೀನಿ."

ಅವರು ಮ್ಯಾಪಿನ ನೀಲಿ ಗೆರೆಯ ಮೇಲೆ ಬೆರಳಿಟ್ಟರು. "ಒಬ್ಳೇ ಹೋಗ್ತೀನಿ. ಹಡಗಿನವರು ಇಂಗ್ಲಿಷ್ ತಾನೇ ಮಾತಾಡೋದು?"

ಬಂದರಿನಲ್ಲಿ ಮೆಂತ್ಯದ ಚಪಾತಿಯ ಡಬ್ಬಿ ಕೈಗಿಟ್ಟು ಕಳಿಸಿದೆವು. ಆ ಊರಿನ ಸ್ಟೇಷನ್ನಿಗೆ ಇಂಗ್ಲೆಂಡಿನಲ್ಲಿರುವ ನನ್ನ ಗೆಳತಿ ಬರುವುದಿತ್ತು. ಆದರೂ ನನಗೆ ನಿದ್ದೆಯಿಲ್ಲ.

ಮರುದಿನ ಮಧ್ಯಾಹ್ನ ಮೀಟಿಂಗಿನ ನಡುವೆ ಫೋನ್ ಬಂತು. ಮ್ಯೂಟ್ ಒತ್ತಿ ತೆಗೆದುಕೊಂಡೆ.

"ನದಿ ಇಲ್ಲ ಕಣೇ," ಅಂದರು ಅತ್ತೆ. "ಕಿಟಕಿ ಇರೋದೇ ಆ ಕಡೆಗಲ್ಲ, ಎದುರಿಗೆ ಪಕ್ಕದ ಮನೆ ಗೋಡೆ. ಅವಳ ಕಾಲದಲ್ಲೂ ಇತ್ತಂತೆ."

ಅಷ್ಟು ದೂರ ಒಬ್ಬರೇ ಹೋದವರಿಗೆ ಸಿಕ್ಕಿದ್ದು ಇದು. ಪಾಪ ಅನ್ನಿಸಿತು.

"ಗೋಡೆ ನೋಡ್ಕೊಂಡೇ ಅಷ್ಟೆಲ್ಲ ಬರೆದಿದಾಳೆ! ಛೆ, ನಾನು ಅದನ್ನ ಹೇಳ್ಬೇಕಿತ್ತು. ನನ್ನ ಹುಡುಗೀರ ಮನೇಲಿ ನದಿ ಎಲ್ಲಿತ್ತು? ಗೋಡೆ ಎಲ್ಲರ ಮನೇಲೂ ಇತ್ತು."