ಗುಂಡಿಗೆ ಉಪ್ಪಿನಕಾಯಿ ತಿನ್ನಿಸಿದ್ದು

ಕಳೆದ ತಿಂಗಳು ನಾನು ಸಗಣಿ ಗುಂಡಿಗೆ ಉಪ್ಪಿನಕಾಯಿ ತಿನ್ನಿಸಿದೆ. ನಗಬೇಡಿ. ಅದರ ಫಲ ಉಂಡವಳು ನನ್ನ ಹೆಂಡತಿ ಶಾರದೆ.

ಬ್ಯಾಟರಾಯನಪುರದ ನಮ್ಮ ಹಿತ್ತಿಲಿಗೆ ಗೋಬರ್ ಗ್ಯಾಸ್ ಬಂದು ಇನ್ನೂ ವರ್ಷ ತುಂಬಿಲ್ಲ. ಎರಡು ಹಸು, ಒಂದು ಗುಂಡಿ, ಮೇಲೆ ಕಬ್ಬಿಣದ ಡ್ರಮ್ಮು, ಅಲ್ಲಿಂದ ಅಡುಗೆಮನೆಗೆ ಪೈಪು. ಸೌದೆ ಹೊಗೆಗೆ ಕೆಮ್ಮಿ ಕೆಮ್ಮಿ ಸೊರಗಿದ್ದ ಶಾರದೆ, ನೀಲಿ ಉರಿ ಬಂದ ಮೇಲೆ ಅಡುಗೆ ಮಾಡುತ್ತಾ ಹಾಡತೊಡಗಿದ್ದಳು. (ಶ್ರುತಿಯ ಬಗ್ಗೆ ನಾನು ಮಾತಾಡುವುದಿಲ್ಲ.)

ಚಳಿ ಶುರುವಾಯಿತು, ಉರಿ ಸಣ್ಣಗಾಯಿತು. ಚಳಿಗೆ ಹಾಗಾಗುವುದು ಸಹಜವಂತೆ. ನನಗೇನು ಗೊತ್ತು? ಪಕ್ಕದ ಹೊಲದ ಮುನಿಯಪ್ಪ ದನಗಳಿಗೆ ನಾಟಿ ಔಷಧಿ ಕೊಡುವವನು. ಬಂದು ಡ್ರಮ್ಮಿಗೆ ಕಿವಿಯಿಟ್ಟು ಕೇಳಿದ.

"ಒಟ್ಟೆ ಕೆಟ್ಟದೆ ಸ್ವಾಮಿ. ಅಸೂಗೆ ಮಾಡಂಗೇ ಮಾಡಾನ. ಎಣ್ಣೆ, ಉಪ್ಪು ಕುಡಿಸಿ."

ಮಾತು ಸರಿಯಾಗೇ ಇತ್ತಲ್ಲ? ಹೊಟ್ಟೆಯುಬ್ಬರಿಸಿದ ಹಸುವಿಗೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸುವುದನ್ನು ನಾನೇ ನೋಡಿದ್ದೇನೆ. ಗ್ಯಾಸ್ ಹಾಕಿಸಿಕೊಟ್ಟ ಹೆಬ್ಬಾಳದ ಆಫೀಸರು ಕೂಡ "ಇದನ್ನ ಮೂರನೇ ಹಸು ಅಂದ್ಕೊಳ್ಳಿ" ಎಂದಿದ್ದರು. ಮನೆಯಲ್ಲಿ ಹಳೆಯ ಉಪ್ಪಿನಕಾಯಿ ಮೂರು ಜಾಡಿ ಇತ್ತು. ಶಾರದೆಗೆ ಹೇಳದೆ ಸುರಿದೆ. ಸಾಲದೆಂದು ಕರಿದುಳಿದ ಎಣ್ಣೆ, ಅರ್ಧ ಮೂಟೆ ಉಪ್ಪು.

ನಾಲ್ಕನೇ ದಿನ ಉರಿ ಪೂರ್ತಿ ಆರಿತು. ಶಾರದೆ ಮತ್ತೆ ಸೌದೆ ತಂದಳು. ಕೆಮ್ಮು ವಾಪಸ್ ಬಂತು.

ಆಫೀಸರು ಸೈಕಲ್ಲಿನಲ್ಲಿ ಬಂದು ಗುಂಡಿಯ ಬಗ್ಗಡ ಮೂಸಿದರು.

"ಏನ್ ಹಾಕಿದ್ರಿ ಸಾರ್?"

ಹೇಳಿದೆ.

"ಗ್ಯಾಸ್ ಮಾಡೋದು ಒಳಗಿರೋ ಸೂಕ್ಷ್ಮಜೀವಿಗಳು. ಚಿಟಿಕೆ ಉಪ್ಪು ತಡ್ಕೋತಾವೆ. ಇಷ್ಟೊಂದಾದ್ರೆ ಅವುಗಳ ಮೈಯ ನೀರನ್ನೇ ಹೀರ್ಬಿಡುತ್ತೆ. ಎಣ್ಣೇನೂ ಅಷ್ಟೆ, ಸ್ವಲ್ಪ ಆದ್ರೆ ಗ್ಯಾಸ್ ಹೆಚ್ಚೇ ಕೊಡುತ್ತೆ, ಅತಿಯಾದ್ರೆ ಗುಂಡಿ ಹುಳಿಯಾಗುತ್ತೆ. ಅರ್ಧ ಬಗ್ಗಡ ತೋಡಿ ತೆಗೀರಿ, ನೀರು, ಹೊಸ ಸಗಣಿ ಹಾಕಿ. ಆಮೇಲೆ ದಯವಿಟ್ಟು ಸುಮ್ನಿರಿ."

ಸುಮ್ಮನಿರುವುದು ಅಂಕಣ ಬರೆಯುವವನಿಗೆ ಎಷ್ಟು ಕಷ್ಟ ಗೊತ್ತೇ?

ನಾನೂ ಮುನಿಯಪ್ಪನೂ ತೋಡಿದೆವು. ತಪ್ಪಿಗೆ ದಂಡವೆಂದು ಸೌದೆ ಒಲೆ ಊದುವ ಕೆಲಸ ನಾನೇ ಹೊತ್ತೆ. ಒಂದೇ ಬೆಳಗಿಗೆ ಕಣ್ಣು ಕೆಂಡವಾಯಿತು. ಇಷ್ಟು ವರ್ಷ ಇವಳು ಹೇಗೆ ಸಹಿಸಿದಳು? ನಿಜಕ್ಕೂ ನಾಚಿಕೆಯಾಯಿತು.

ಮೂರು ವಾರದ ಮೇಲೆ, ಮೊನ್ನೆ, ನೀಲಿ ಉರಿ ಬಂತು. ಹಿಂದೆಯೇ ಹಾಡೂ ಬಂತು. (ಶ್ರುತಿ ಪರವಾಗಿಲ್ಲ.) ನೆಮ್ಮದಿಯಾಗಿ ಊಟಕ್ಕೆ ಕೂತು ಹೊಸ ಉಪ್ಪಿನಕಾಯಿಗೆ ಕೈಚಾಚಿದೆ. ಶಾರದೆ ಜಾಡಿ ಆಚೆ ಸರಿಸಿದಳು.

"ಅಷ್ಟು ದೊಡ್ಡ ಗುಂಡಿಗೇ ಅರಗ್ಲಿಲ್ಲ, ನಿಮಗೆ ಅರಗುತ್ತೇನ್ರೀ?"